ಕುಚ್ಚಲಕ್ಕಿ ಡಬ್ಬಿಯಲ್ಲಿರುವ ವೇಗ ನಿಯಂತ್ರಕರಿಗೆ

ಇವರಿಗೆ,
ಶ್ರೀಯುತ ವೇಗ ನಿಯಂತ್ರಕರು,
(ಪೆಟ್ಟಿಗೆಯ ಮೇಲಿನ ಹೆಸರು: ಸ್ಪೀಡ್ ಕಂಟ್ರೋಲರ್)
ಕುಚ್ಚಲಕ್ಕಿ ಡಬ್ಬಿ, ಅಡುಗೆ ಕೋಣೆ,
ಪಾದೆಮನೆ, ಫರಂಗಿಪೇಟೆಯಿಂದ ಒಳಗೆ, ಬಂಟ್ವಾಳ ತಾಲೂಕು.

ವಿಷಯ: ಮಣ್ಣಿನ ದಿಬ್ಬದ ತುದಿಯಲ್ಲಿ ನಾನು ಕೈಬಿಟ್ಟಾಗ ತಾವೂ ಕೈಬಿಟ್ಟದ್ದರ ಬಗ್ಗೆ.

ಮಾನ್ಯರೇ,

ಅಕ್ಕಿಯ ನಡುವೆ ತಾವು ಬೆಚ್ಚಗೆ, ಒಣಗುತ್ತಾ, ಕ್ಷೇಮವಾಗಿದ್ದೀರಿ ಎಂದು ನಂಬಿ, ಮದುವೆ ಮುಂಜಿ ಪೂಜೆ ಉರೂಸುಗಳಿಗೆ ಶಾಮಿಯಾನ, ಕುರ್ಚಿ, ಮೈಕು ಬಾಡಿಗೆಗೆ ಕೊಡುವ ಪಾದೆಮನೆ ದಯಾನಂದನಾದ ನಾನು ತಮಗೆ ಮಾಡುವ ನಮಸ್ಕಾರಗಳು. ಡಬ್ಬಿಯ ಮುಚ್ಚಳ ತೆರೆದು ಈ ಮಾತುಗಳನ್ನು ತಮಗೊಬ್ಬರಿಗೇ ಹೇಳಿಬಿಡಬಹುದಿತ್ತು. ಆದರೆ ತಮ್ಮ ಬಳಗದವರನ್ನು ಮೊಬೈಲಿನಲ್ಲಿ ನೋಡಿ ಮನೆಗೆ ತರಿಸಿಕೊಳ್ಳುವ ಯೋಚನೆಯಲ್ಲಿರುವ ನಾಲ್ಕು ಜನರಿಗೆ ಉಪಯೋಗವಾಗಲಿ ಎಂಬ ಕಾರಣಕ್ಕೆ, ಮತ್ತು ಏನೇ ಹೇಳುವುದಿದ್ದರೂ ಎಲ್ಲರಿಗೂ ಕೇಳುವ ಹಾಗೆ ಹೇಳುವುದು ನನ್ನ ಕಸುಬೇ ಆಗಿರುವ ಕಾರಣಕ್ಕೆ, ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಾವು ನಮ್ಮ ಮನೆಗೆ ಬಂದ ಉದ್ದೇಶವೇನೆಂದು ತಮಗೆ ಯಾರೂ ಹೇಳಿರಲಿಕ್ಕಿಲ್ಲ. ಪೆಟ್ಟಿಗೆಯಿಂದ ತೆಗೆದ ಕೂಡಲೇ ಕೆಲಸಕ್ಕೆ ಹಚ್ಚಿದೆವು, ಕೂರಿಸಿ ಬೆಲ್ಲ ನೀರು ಕೊಟ್ಟು ಊರಿನ ಸಂಗತಿ ತಿಳಿಸುವ ಮರ್ಯಾದೆ ನಮ್ಮಿಂದ ಆಗಲಿಲ್ಲ, ಕ್ಷಮಿಸಬೇಕು. ನಮ್ಮ ಮನೆಯ ಹಿಂದೆ ಮುರಕಲ್ಲಿನ ಗುಡ್ಡೆ ಉಂಟು. ಆ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿಕೊಂಡು ಹೋಗುವಷ್ಟು ಎತ್ತರಕ್ಕೆ, ನಮ್ಮ ಅಜ್ಜನ ಕಾಲದಲ್ಲಿ ಕೊರೆದ ಸುರಂಗವೊಂದು ಉಂಟು. ಗುಡ್ಡೆಯ ಒಳಗಿನ ಒರತೆಯ ನೀರು ಅದರಲ್ಲಿ ತಾನಾಗಿ ಹರಿದು ಹೊರಗೆ ಬರುತ್ತದೆ. ಪಂಪಿಲ್ಲ, ಸ್ವಿಚ್ಚಿಲ್ಲ, ಕರೆಂಟು ಹೋಯಿತೆಂದು ಲೈನ್‌ಮ್ಯಾನಿಗೆ ಫೋನು ಮಾಡುವ ಕೆಲಸವಿಲ್ಲ. ಸುರಂಗದ ಬಾಯಿಯಲ್ಲಿ ನೀರನ್ನು ಒಂದು ದಂಬೆಗೆ ಬೀಳಿಸಿದ್ದಾರೆ. ದಂಬೆ ಎಂದರೆ ಸೀಳಿದ ಅಡಿಕೆ ಮರದ ತೊಟ್ಟಿಲಿನಂಥ ಕಾಲುವೆ. ಈ ದಂಬೆಯನ್ನು ಎಡಕ್ಕೆ ತಿರುಗಿಸಿದರೆ ನೀರು ನಮ್ಮ ಟಾಂಕಿಗೆ, ಬಲಕ್ಕೆ ತಿರುಗಿಸಿದರೆ ಕೆಳಗಿನ ಮನೆಯ ಆಸ್ಯಮ್ಮನ ಟಾಂಕಿಗೆ.

ಹಗಲಿನ ನೀರು ನಮ್ಮದು, ರಾತ್ರಿಯದ್ದು ಆಸ್ಯಮ್ಮನದ್ದು. ಮುಸ್ಸಂಜೆಗೆ ನಮ್ಮ ಮನೆಯ ದೀಪ ಮೊದಲು ಹೊತ್ತಲಿ, ಮಸೀದಿಯ ಬಾಂಗ್ ಮೊದಲು ಕೇಳಲಿ, ಯಾವುದು ಮೊದಲಾಯಿತೋ ಆ ಗಳಿಗೆಗೆ ನಮ್ಮ ಮನೆಯವರು ಯಾರಾದರೂ ಹೋಗಿ ದಂಬೆಯನ್ನು ಬಲಕ್ಕೆ ತಿರುಗಿಸುವುದು. ಬೆಳಗಿನ ಬಾಂಗ್ ಆದ ಮೇಲೆ ಆಸ್ಯಮ್ಮನ ಮನೆಯವರು ಬಂದು ಎಡಕ್ಕೆ ತಿರುಗಿಸುವುದು. ಇದಕ್ಕೆ ಕರಾರು ಇಲ್ಲ, ಸಹಿ ಇಲ್ಲ, ಜಗಳವೂ ಇಲ್ಲ. ನಾನು ನಡೆಯಲು ಕಲಿತ ಮೇಲೆ ಕಲಿತ ಮೊದಲ ಕೆಲಸ ಇದೇ ಇರಬೇಕು.

ಕಳೆದ ಮಳೆಗಾಲದಲ್ಲಿ ಸುರಂಗದ ಒಳಗೆ ತಲೆಯ ಮೇಲಿನ ಮಾಡು ಕುಸಿದು ಮಣ್ಣು ಬಿತ್ತು. ಚಳಿಗಾಲವಿಡೀ ನೀರು ಬೆರಳು ಗಾತ್ರಕ್ಕೆ ಇಳಿಯುತ್ತಾ ಬಂದು, ಬೇಸಗೆ ಹಿಡಿದಾಗ ಪೂರಾ ನಿಂತಿತು. ಸುರಂಗ ಕೊರೆಯುವುದರಲ್ಲಿ ಕೂದಲು ಹಣ್ಣು ಮಾಡಿಕೊಂಡ ಶೇಷಪ್ಪಣ್ಣನನ್ನು ಕರೆಸಿದೆವು. ಅವರು ಬಾಯಿಯಲ್ಲಿ ಬಗ್ಗಿ ಟಾರ್ಚು ಬಿಟ್ಟು ನೋಡಿ, ದೂರದಲ್ಲಿ ಮಣ್ಣಿನ ದಿಬ್ಬವೊಂದು ಕಾಣುತ್ತದೆಂದೂ, ಅದರ ಮೇಲೆ ಮೊಲ ನುಸುಳುವಷ್ಟು ಜಾಗ ಉಂಟೆಂದೂ ಹೇಳಿ, ಬೀಡಿ ಹಚ್ಚಿದರು. ಆಮೇಲೆ ಅವರು ಹೇಳಿದ್ದು ಇಷ್ಟೇ: “ದಿಬ್ಬದ ಹಿಂದೆ ನೀರು ಕಟ್ಟಿ ನಿಂತಿದ್ದರೆ ಅಂಚಿನಲ್ಲಿ ಸಣ್ಣಕ್ಕೆ ಬಿಡಿಸಬಹುದು, ನಾನು ಹೋಗ್ತೇನೆ. ಹಿಂದೆ ಗುಡ್ಡೆಯೇ ಕುಸಿದು ಕೂತಿದ್ದರೆ ಒರತೆ ಬೇರೆ ದಾರಿ ನೋಡಿಕೊಂಡಿರ್ತದೆ, ನಾನು ಹೋಗುವುದಿಲ್ಲ, ನೀವೂ ಹೋಗಬೇಡಿ. ನೀರು ಉಂಟೋ ಗುಡ್ಡೆ ಉಂಟೋ ಅದು ಮೊದಲು ಹೇಳಿ.” ಮೊಲವನ್ನು ಕಳಿಸಿ ಕೇಳುವ ವಿದ್ಯೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನಮ್ಮ ಅಣ್ಣನಿಗೆ ಕಾಯುವ ಅಭ್ಯಾಸವಿಲ್ಲ. ಅವನು ಬೋರ್‌ವೆಲ್ಲಿನವರಿಗೆ ಫೋನು ಮಾಡಿ, ಸೋಮವಾರ ಬೆಳಿಗ್ಗೆಗೆ ಲಾರಿ ಬರುವ ಹಾಗೆ ಮಾತು ಮುಗಿಸಿಯೇಬಿಟ್ಟ. ಗುಡ್ಡೆಯ ತಲೆಯ ಮೇಲೆ ಬೋರು ಇಳಿದರೆ ಸುರಂಗದ ಒರತೆಗೆ ಅದೇ ಕೊನೆ ಎಂಬುದು ಊರಿಗೆಲ್ಲ ಗೊತ್ತು, ಅಣ್ಣನಿಗೂ ಗೊತ್ತು. ಅವನೇನೂ ಕೆಟ್ಟವನಲ್ಲ, ಆಸ್ಯಮ್ಮನ ಅಂಗಳಕ್ಕೆ ಹೋಗಿ, ಬೋರಿನ ನೀರನ್ನು ಪೈಪು ಹಾಕಿ ನಿಮಗೂ ಕೊಡ್ತೇವೆ, ಹೆದರಬೇಡಿ ಎಂದು ಹೇಳಿ ಬಂದ. ಆಸ್ಯಮ್ಮ ಅವನಿಗೆ ಚಾ ಕೊಟ್ಟು, ಅವನು ಕುಡಿದು ಮುಗಿಸಿದ ಲೋಟ ತೆಗೆದುಕೊಳ್ಳುವಾಗ ತುಳುವಿನಲ್ಲಿ ಒಂದು ಮಾತು ಹೇಳಿದರಂತೆ. ತಮ್ಮ ಕೈಪಿಡಿಯಲ್ಲಿ ತುಳು ಇಲ್ಲದ ಕಾರಣ ಕನ್ನಡದಲ್ಲಿ ಬರೆಯುತ್ತೇನೆ: “ಕೊಡ್ತೇವೆ ಅಂತ ಹೇಳಿದ್ದೀರಿ, ಕೊಡುವಿರಿ ಕೂಡ, ನನಗೆ ಸಂಶಯ ಇಲ್ಲ. ಆದರೆ ಇಷ್ಟು ವರ್ಷ ಈ ನೀರಿಗೆ ಕೊಡ್ತೇವೆ ಎಂಬ ಮಾತೇ ಬೇಕಾಗಿರಲಿಲ್ಲವಲ್ಲ ಮಗಾ. ಇನ್ನು ನಾನು ನಿಮ್ಮ ಸ್ವಿಚ್ಚಿನ ಹತ್ತಿರ ಬಂದು ಕೇಳಬೇಕು.” ಅಣ್ಣ ಮನೆಗೆ ಬಂದು ಈ ಮಾತನ್ನು ನನಗೆ ಹೇಳಿದ, ಮತ್ತೆ ಸಿಟ್ಟಿನಲ್ಲಿ ಊಟ ಮಾಡಿದ, ಆದರೆ ಲಾರಿಯನ್ನು ಬೇಡ ಎನ್ನಲಿಲ್ಲ.

ಮಾನ್ಯರೇ, ತಮ್ಮ ಆಗಮನಕ್ಕೆ ಹಿನ್ನೆಲೆ ಇದು.

ಮೂಡುಬಿದಿರೆಯ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುವ ಸಾಧನಾ ಟೀಚರ್ ಎಂಬವರ ಹತ್ತಿರ ಬಂಡೆ ಹತ್ತುವ ರಿಮೋಟ್ ಗಾಡಿಯೊಂದು ಉಂಟೆಂದು ನನಗೆ ಗೊತ್ತಿತ್ತು. ಅವರ ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾನು ಮೈಕು ಕಟ್ಟಿದ್ದಾಗ, ಮೊಣಕೈ ಉದ್ದದ ಆ ಗಾಡಿ ತನ್ನ ದಪ್ಪ ರಬ್ಬರ್ ಚಕ್ರಗಳಲ್ಲಿ ವೇದಿಕೆಯ ಮೆಟ್ಟಿಲನ್ನು ಒಂದೊಂದಾಗಿ, ಮಂಡಿನೋವಿನ ಅತಿಥಿಗಳ ಹಾಗೆ ಯೋಚಿಸಿ ಯೋಚಿಸಿ ಹತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಫೋನು ಮಾಡಿದಾಗ ಅವರು ಎರಡನೇ ಮಾತಿಲ್ಲದೆ ಒಪ್ಪಿದರು. ಒಂದೇ ತೊಂದರೆ: ಗಾಡಿಯ ಹಳೆಯ ಮೋಟಾರೂ ಅದನ್ನು ಆಳುವ ಕಂಟ್ರೋಲರೂ ಒಂದು ತೋಡಿನ ನೀರು ದಾಟುವಾಗ ಸುಟ್ಟುಹೋಗಿದ್ದವು. ಮೋಟಾರು ಮತ್ತು ಕಂಟ್ರೋಲರಿನ ಜೋಡಿಯನ್ನು ನೀವೇ ತರಿಸಿ, ಉಳಿದದ್ದು ನನಗೆ ಬಿಡಿ ಎಂದರು. ಎಂಥದ್ದು ಬೇಕೆಂದೂ ಹೇಳಿದರು. ಮೋಟಾರು ನಿಧಾನದ್ದಾಗಿರಬೇಕು, ಒಂದು ವೋಲ್ಟಿಗೆ ಎಷ್ಟು ಸುತ್ತು ತಿರುಗುತ್ತದೆ ಎಂದು ಅದರ ಮೇಲೆ ಒಂದು ಸಂಖ್ಯೆ ಇರುತ್ತದೆ, ಅದು ಸಣ್ಣದಿದ್ದಷ್ಟು ಒಳ್ಳೆಯದು. ಕಂಟ್ರೋಲರು ಹಿಂದೆ ಬಾ ಎಂದ ಕೂಡಲೇ ಹಿಂದೆ ಬರುವಂಥದ್ದು, ಮುಖ್ಯವಾಗಿ ರಿಮೋಟಿನಿಂದ ಕೈಬಿಟ್ಟರೆ ಗಾಡಿಯನ್ನು ಇಳಿಜಾರಿನಲ್ಲಿಯೂ ಕಚ್ಚಿ ಹಿಡಿದು ನಿಲ್ಲಿಸುವಂಥದ್ದು ಆಗಿರಬೇಕು. ನಾನು ಹೂಂ ಹೂಂ ಎಂದು ಕೇಳಿಕೊಂಡೆ.

ಆಮೇಲೆ ಮೊಬೈಲು ತೆರೆದು ಅಂಗಡಿಯನ್ನು ನೋಡಲು ಕೂತೆ. ಅಲ್ಲಿ ತಮ್ಮ ಬಳಗವನ್ನು ಸಾಲಾಗಿ ನೋಡಿದಾಗ, ನಮ್ಮ ಊರಿನವರ ರಕ್ತದಲ್ಲಿರುವ ಒಂದು ಬುದ್ಧಿ ನನ್ನಲ್ಲಿ ಎಚ್ಚರವಾಯಿತು. ನಮ್ಮ ಕಡೆ ಕರೆಂಟು ಡಿಮ್ಮು. ಹಾಗಾಗಿ ಎರಡು ಹೆಚ್ಪಿಯ ಪಂಪು ಸಾಕು ಎಂದು ಅಂಗಡಿಯವನು ಹೇಳಿದರೆ ನಾವು ಮೂರರದ್ದು ತರುತ್ತೇವೆ. ಒಂದು ನಂಬರು ಜಾಸ್ತಿ ಇರಲಿ ಎನ್ನುತ್ತೇವೆ. ಮಗುವಿಗೆ ಅಂಗಿ ತೆಗೆದರೂ ಒಂದು ನಂಬರು ಜಾಸ್ತಿ, ಚಪ್ಪಲಿಯೂ ಹಾಗೇ, ಮದುವೆಗೆ ಇನ್ನೂರು ಜನ ಎಂದರೆ ನಾನು ಕುರ್ಚಿ ಇನ್ನೂರೈವತ್ತು ಇಳಿಸುತ್ತೇನೆ, ನೂರು ವ್ಯಾಟಿನ ಆಂಪ್ಲಿಫೈಯರ್ ಸಾಕಾದಲ್ಲಿ ಇನ್ನೂರರದ್ದು ಇಡುತ್ತೇನೆ. ಈ ತತ್ವದಿಂದ ನಮ್ಮ ತಾಲೂಕಿನಲ್ಲಿ ಇದುವರೆಗೆ ಯಾರಿಗೂ ಅವಮಾನವಾಗಿಲ್ಲ. ಟೀಚರ್ ಮೂಡುಬಿದಿರೆ ಪೇಟೆಯಲ್ಲಿರುವವರು, ಅವರಿಗೆ ನಮ್ಮ ವೋಲ್ಟೇಜಿನ ಕಷ್ಟ ಎಲ್ಲಿ ಗೊತ್ತು ಎಂದುಕೊಂಡು, ಅವರು ಹೇಳಿದ ಸಣ್ಣ ಸಂಖ್ಯೆಯನ್ನು ದಾಟಿ, ಅದರ ಮುಂದಿನದನ್ನೂ ದಾಟಿ, ಪಟ್ಟಿಯ ತುದಿಯಲ್ಲಿ ಕೆಂಪು ಬಣ್ಣದ ಮೋಟಾರಿನ ಪಕ್ಕದಲ್ಲಿ ಸಿಡಿಲಿನ ಚಿತ್ರ ಹೊತ್ತು ನಿಂತಿದ್ದ ತಮ್ಮನ್ನು ಆರಿಸಿದೆ. ಗಾಡಿ ಓಡುವುದು ಬ್ಯಾಟರಿಯಲ್ಲಿ, ಬ್ಯಾಟರಿಗೂ ನಮ್ಮ ಊರಿನ ಕಂಬದ ಕರೆಂಟಿಗೂ ಯಾವ ನೆಂಟಸ್ತಿಕೆಯೂ ಇಲ್ಲ ಎಂಬುದು ನನಗೆ ಹೊಳೆದದ್ದು ಪಾರ್ಸೆಲು ಬಂದು, ಡಬ್ಬ ಒಡೆದು, ರಟ್ಟನ್ನು ಒಲೆಗೆ ಹಾಕಿದ ಮೇಲೆ. ಇಷ್ಟಾದರೂ ತಾವು ಬರುವುದಿಲ್ಲ ಎನ್ನಬಹುದಿತ್ತು. ಒಂದು ಮಾತನ್ನೂ ಆಡದೆ ಬಂದಿರಿ. ಇದು ನನ್ನ ಮೊದಲ ದೂರು.

ಶನಿವಾರ ಟೀಚರ್ ಸ್ಕೂಟರಿನಲ್ಲಿ ಗಾಡಿಯನ್ನು ತಂದು ತಮ್ಮನ್ನೂ ತಮ್ಮ ಜೊತೆಗಾರ ಮೋಟಾರನ್ನೂ ಅದರಲ್ಲಿ ಕೂರಿಸಿದರು. ತಾವು ಮೂರು ಸಲ ಕೂಗಿ ಎಚ್ಚರಾದಿರಿ. ನಮ್ಮ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿತ್ತು. ಮೆಲ್ಲನೆ ಹೊರಡಿ ಎಂದು ರಿಮೋಟು ಹೇಳಿದಾಗ ತಾವು ಹೊರಡಲಿಲ್ಲ; ಮೈಕು ಕೈಗೆ ಬಂದ ಅಧ್ಯಕ್ಷರು ಮಾತಿಗೆ ಮೊದಲು ಕೆಮ್ಮುವ ಹಾಗೆ ಗಕ್ ಗಕ್ ಎಂದು ನಿಂತಲ್ಲೇ ನಡುಗಿದಿರಿ. ಇನ್ನಷ್ಟು ಒತ್ತಿದಾಗ, ಕೆಮ್ಮು ಮುಗಿದ ಅಧ್ಯಕ್ಷರನ್ನು ಯಾರೂ ತಡೆಯಲಾರದ ಹಾಗೆ, ಅಂಗಳವನ್ನು ಒಂದೇ ಉಸಿರಿಗೆ ದಾಟಿ, ಎರಡು ಚಾಪೆ ಹಪ್ಪಳದ ಮೇಲೆ ನಾಲ್ಕೂ ಚಕ್ರದ ಅಚ್ಚು ಒತ್ತಿ, ಕೋಳಿಗೂಡಿನ ಬಾಗಿಲಿಗೆ ಬಡಿದಿರಿ. ಹಿಂದೆ ಬನ್ನಿ ಎಂದರೆ ತಮ್ಮದೊಂದು ಕ್ರಮವಿತ್ತು: ಮೊದಲ ಸಲ ಕೇಳಿದರೆ ಅದು ನಿಲ್ಲಿಸುವ ಅರ್ಜಿ, ಅರ್ಜಿಯನ್ನು ವಾಪಸು ತೆಗೆದು ಪುನಃ ಕೊಟ್ಟರೆ ಮಾತ್ರ ಹಿಂದೆ ಬರುವ ವಿಷಯ ಪರಿಶೀಲನೆಗೆ. ತಾಲೂಕು ಕಚೇರಿಯಲ್ಲಿ ತರಬೇತಿ ಆಗಿದೆಯೋ ಎಂದು ನಮ್ಮ ಮನೆಯಾಕೆ ಕೇಳಿದಳು. ಅವಳ ಕೈಯಲ್ಲಿ ಚಕ್ರದ ಗೆರೆ ಬಿದ್ದ ಹಪ್ಪಳವಿತ್ತು, ಹಾಗಾಗಿ ಯಾರೂ ನಗಲಿಲ್ಲ.

ಟೀಚರ್ ಮಾತ್ರ ಗಾಡಿಯನ್ನು ಮಗುಚಿ ನೋಡಿ, “ಇದು ಬಯಲಿನಲ್ಲಿ ಓಡುವ ಗಾಡಿಯ ಸೆಟ್ಟು, ದಯಾನಂದಣ್ಣ. ಹತ್ತಲಿಕ್ಕೆ ಇರುವುದಲ್ಲ. ನಾನು ಸಣ್ಣ ಸಂಖ್ಯೆ ಅಂತ ಹೇಳಿರಲಿಲ್ಲವಾ?” ಎಂದರು. ನಾನು ವೋಲ್ಟೇಜಿನ ವಿಷಯ ತೆಗೆದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿದರು, ಪಾಪ, ದಿನಾ ಮಕ್ಕಳ ಉತ್ತರ ಕೇಳಿ ಅಭ್ಯಾಸವಿರುವವರು. ವಾಪಸು ಕಳಿಸಿ ಬೇರೆ ತರಿಸಲು ಸಮಯವಿಲ್ಲ, ಲಾರಿ ಸೋಮವಾರ. ಅವರು ಮೋಟಾರಿನ ತುದಿಗೆ ಚೀಲದಲ್ಲಿ ತಂದಿದ್ದ ಅತಿ ಸಣ್ಣ ಹಲ್ಲುಚಕ್ರವನ್ನು ಹಾಕಿ ತಮ್ಮ ಹಾರಾಟವನ್ನು ಸ್ವಲ್ಪ ತಗ್ಗಿಸಿದರು, ಮತ್ತು ತಮ್ಮೊಳಗೆ ಕೈಬಿಟ್ಟಾಗ ಕಚ್ಚಿ ಹಿಡಿಯುವ ಗುಣವನ್ನು ಹುಡುಕಿದರು. ಆ ಗುಣ ತಮ್ಮಲ್ಲಿ ಇರಲಿಲ್ಲ. ಇಲ್ಲದ್ದನ್ನು ಇಲ್ಲ ಎಂದು ತಾವು ಮೊದಲೇ ಪೆಟ್ಟಿಗೆಯ ಮೇಲೆ ಬರೆಸಿಕೊಳ್ಳಬೇಕಿತ್ತು ಎಂಬುದು ನನ್ನ ಎರಡನೆಯ ದೂರು. ಸಿಡಿಲಿನ ಚಿತ್ರವಿದ್ದ ಜಾಗದಲ್ಲಿ “ನೀವು ಕೈಬಿಟ್ಟರೆ ನಾನೂ ಬಿಡುತ್ತೇನೆ” ಎಂದು ನಾಲ್ಕು ಪದಕ್ಕೆ ಬೇಕಾದಷ್ಟು ಸ್ಥಳವಿತ್ತು.

ಭಾನುವಾರ ಮಧ್ಯಾಹ್ನದ ಮೇಲೆ ಸುರಂಗದ ಬಾಯಿಯಲ್ಲಿ ನಾವೆಲ್ಲ ಸೇರಿದೆವು. ಗಾಡಿಯ ಮೂತಿಗೆ ಲೈಟು, ನೆತ್ತಿಗೆ ಸಣ್ಣ ಕ್ಯಾಮೆರಾ. ಅದು ಕಂಡದ್ದು ಟೀಚರ ಮೊಬೈಲಿಗೆ ಬರುತ್ತಿತ್ತು. ಆದರೆ ಆಸ್ಯಮ್ಮನಿಗೆ ಮಂಡಿನೋವು, ಗುಡ್ಡೆ ಹತ್ತಲಾಗುವುದಿಲ್ಲ. ಮೊಬೈಲಿನಲ್ಲಿ ಏನೂ ಕಾಣುವುದೂ ಇಲ್ಲ, ಕಿವಿ ಮಾತ್ರ ಸರಿ ಉಂಟು ಎಂದು ಅವರೇ ಹೇಳಿ ಕಳಿಸಿದ್ದರು. ಈ ನೀರಿನ ಅರ್ಧ ಯಜಮಾನಿಕೆ ಅವರದ್ದು. ಅವರಿಗೆ ಕೇಳದ ಹಾಗೆ ಪರೀಕ್ಷೆ ನಡೆಸುವುದು ಸರಿಯಲ್ಲ ಎಂದು, ಭಾಷಣಕಾರರ ಅಂಗಿಗೆ ಸಿಕ್ಕಿಸುವ ವಯರಿಲ್ಲದ ಕಾಲರ್ ಮೈಕೊಂದನ್ನು ನಾನು ತಮ್ಮ ಪಕ್ಕದಲ್ಲೇ ಸಿಕ್ಕಿಸಿ, ನನ್ನ ದೊಡ್ಡ ಸೌಂಡ್ ಬಾಕ್ಸನ್ನು ಸುರಂಗದ ಬಾಯಿಯ ಹೊರಗೆ ಕೆಳಮುಖವಾಗಿ ಇಟ್ಟೆ. ಆಸ್ಯಮ್ಮ ಕೆಳಗೆ ಅವರ ಅಂಗಳದಲ್ಲಿ ನನ್ನದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಗಾಡಿ ಸಿಕ್ಕಿಕೊಂಡರೆ ಎಳೆಯಲಿಕ್ಕೆ ಅದರ ಹಿಂದಿನ ಬಂಪರಿಗೆ ಒಂದು ಉದ್ದದ ಮೈಕ್ ವಯರನ್ನು ಶಾಮಿಯಾನದ ಗಂಟು ಹಾಕಿ ಕಟ್ಟಿದೆ. ಅಣ್ಣ ಒಂದು ಕಲ್ಲಿನ ಮೇಲೆ ಕೂತು, ಈ ಆಟ ಮುಗಿದ ಮೇಲೆ ಲಾರಿ ಬರಲಿಕ್ಕೆ ದಾರಿಗೆ ಬಾಗಿದ ಮರದ ಗೆಲ್ಲು ಕಡಿಯಲಿಕ್ಕುಂಟು ಎಂದು ಎಲ್ಲರಿಗೂ ನೆನಪಿಸಿದ. ಶೇಷಪ್ಪಣ್ಣ, “ಗೆಲ್ಲು ಎಲ್ಲಿಗೂ ಓಡುವುದಿಲ್ಲ ಮಾರಾಯ, ಕೂತುಕೋ” ಎಂದರು.

ಆ ಸಂಜೆ ತಾವು ಪಟ್ಟ ಕಷ್ಟವನ್ನು ಮರೆಯುವುದಿಲ್ಲ. ಬಿದ್ದ ಪ್ರತಿ ಕಲ್ಲಿನ ಮುಂದೆ ಕೆಮ್ಮಿದಿರಿ, ಪ್ರತಿ ಕಲ್ಲನ್ನು ಹಾರಿದಿರಿ, ಹಾರಿದ ಮೇಲೆ ಗೋಡೆಗೆ ಬಡಿದಿರಿ, ಬಡಿದ ಶಬ್ದವನ್ನು ನನ್ನ ಬಾಕ್ಸು ಮೂರು ಮನೆಗಳಾಚೆಗೂ ಮುಟ್ಟಿಸಿತು. ನಡುವೆ ಎರಡು ಸಲ ಮಗುಚಿದಿರಿ, ವಯರು ಎಳೆದು ಹೊರಗೆ ತಂದು ಪುನಃ ಬಿಟ್ಟೆವು. ಟೀಚರ ಬೆರಳಿನ ತಾಳ್ಮೆಯಿಂದ, ಹೊತ್ತು ಕೆಂಪಾಗುವಾಗ, ಗಾಡಿ ಅಂತೂ ಮಣ್ಣಿನ ದಿಬ್ಬ ಹತ್ತಿ ತುದಿಯಲ್ಲಿ ನಿಂತಿತು: ಮುಂದಿನ ಎರಡು ಚಕ್ರ ಆಚೆಗೆ, ಹಿಂದಿನ ಎರಡು ಈಚೆಗೆ. ಕ್ಯಾಮೆರಾ ಮೇಲಿನ ಮಾಡನ್ನು ನೋಡುತ್ತಿತ್ತು, ಆಚೆ ಕೆಳಗೆ ಏನುಂಟೆಂದು ಕಾಣುತ್ತಿರಲಿಲ್ಲ. ಮೆಲ್ಲ ಮೆಲ್ಲನೆ ಮೂತಿ ತಗ್ಗಿಸಿ ನೋಡಬೇಕಿತ್ತು. ಅಷ್ಟರಲ್ಲಿ ಟೀಚರು ಸೂರ್ಯನನ್ನು ನೋಡಿದರು. ಅವರು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವ ಕ್ರಮವಿಲ್ಲ, ಮಧ್ಯಾಹ್ನವೂ ನಮ್ಮ ಗಡಿಬಿಡಿಯಲ್ಲಿ ಸರಿಯಾಗಿ ಉಂಡಿರಲಿಲ್ಲ. ನಮ್ಮ ಮನೆಯಾಕೆ ಎರಡು ಸಲ ಕರೆದಾಗಿತ್ತು. ಅವರು ರಿಮೋಟನ್ನು ಅದರ ಬ್ರೇಕು ಒತ್ತಿದ ಹಾಗೆಯೇ ನನ್ನ ಬೆರಳಿಗೆ ದಾಟಿಸಿ, “ಎರಡು ತುತ್ತು ಉಂಡು ಬರ್ತೇನೆ ದಯಾನಂದಣ್ಣ. ಹೀಗೇ ಒತ್ತಿ ಹಿಡಿದಿರಿ. ಕೈಬಿಟ್ಟರೆ ಇದು ನಿಲ್ಲುವ ಜಾತಿ ಅಲ್ಲ” ಎಂದು ಹೇಳಿ ಕೆಳಗೆ ಹೋದರು.

ನಾನು ಒತ್ತಿ ಹಿಡಿದೆ. ಮದುವೆಯಲ್ಲಿ ಗಾಳಿ ಬಂದಾಗ ಶಾಮಿಯಾನದ ಕಂಬ ಹಿಡಿದು ನಿಂತವನಿಗೆ ಒಂದು ಸಣ್ಣ ಕೋಲು ಒತ್ತಿ ಹಿಡಿಯುವುದು ದೊಡ್ಡದಲ್ಲ. ಅಣ್ಣ ಗಡಿಯಾರ ನೋಡಿದ. ಶೇಷಪ್ಪಣ್ಣ ಬೀಡಿ ನಂದಿಸಿದರು. ಬಾಕ್ಸಿನಲ್ಲಿ ಗುಡ್ಡೆಯ ಒಳಗಿನ ಮೌನ ಗುಂಯ್ ಎನ್ನುತ್ತಿತ್ತು.

ಆಗ ಮಸೀದಿಯಿಂದ ಬಾಂಗ್ ಕೇಳಿತು.

ಮಾನ್ಯರೇ, ಮುಂದೆ ನಡೆದದ್ದಕ್ಕೆ ನನ್ನ ತಲೆ ಜವಾಬ್ದಾರಿಯಲ್ಲ. ತಲೆಯನ್ನು ಕೇಳಿ ನಡೆದದ್ದಲ್ಲ ಅದು. ಬಾಂಗ್ ಕೇಳಿದ ಕೂಡಲೇ ನನ್ನ ಕೈ ರಿಮೋಟನ್ನು ಕಲ್ಲಿನ ಮೇಲೆ ಇಟ್ಟು, ನನ್ನ ಕಾಲು ನಾಲ್ಕು ಹೆಜ್ಜೆ ಹಾಕಿ, ನನ್ನ ಎರಡೂ ಕೈ ಸೇರಿ ಒಣಗಿ ಬಿರುಕು ಬಿಟ್ಟಿದ್ದ ದಂಬೆಯನ್ನು ಎಡದಿಂದ ಬಲಕ್ಕೆ, ಆಸ್ಯಮ್ಮನ ಮನೆಯ ಕಡೆಗೆ, ತಿರುಗಿಸಿ ಇಟ್ಟವು. ಅದರಲ್ಲಿ ಒಂದು ಹನಿ ನೀರಿರಲಿಲ್ಲ. ಒಂದು ಓತಿಕ್ಯಾತ ಇತ್ತು, ಅದು ಆಸ್ಯಮ್ಮನ ಪಾಲಿಗೆ ಹೋಯಿತು. ಅಣ್ಣ ನನ್ನನ್ನೇ ನೋಡುತ್ತಿದ್ದ. ನಾನು ಮಾಡಿದ್ದೇನೆಂದು ನನಗೆ ತಿಳಿದದ್ದು ಅವನ ಮುಖ ನೋಡಿದಾಗ.

ಈಗ ನನ್ನ ಮುಖ್ಯ ದೂರು. ಒಬ್ಬ ಮನುಷ್ಯ ನೆರೆಮನೆಯವರ ನೀರನ್ನು ಅವರಿಗೆ ಬಿಡಲೆಂದು ಒಂದು ಗಳಿಗೆ ಕೈಬಿಟ್ಟರೆ, ಆ ಗಳಿಗೆಯನ್ನು ತಾವು ಹಿಡಿದುಕೊಳ್ಳಬಾರದಿತ್ತೇ? ನಾನು ನನ್ನ ಕೆಲಸಕ್ಕೆ ಹೋದೆ, ತಾವು ತಮ್ಮ ಕೆಲಸವನ್ನು ಮಾಡಬೇಕಿತ್ತು. ತಾವು ಬಿಟ್ಟಿರಿ. ಬಾಕ್ಸಿನಲ್ಲಿ ಮೊದಲು ಮಣ್ಣು ಜಾರುವ ಸರ ಸರ ಕೇಳಿತು, ಮತ್ತೆ ಕಲ್ಲುಗಳ ಮೇಲೆ ಚಕ್ರ ಕುಣಿಯುವ ಟಪ ಟಪ, ಮತ್ತೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗುಡ್ಡೆಯ ಹೊಟ್ಟೆಯಿಂದ, ಇನ್ನೂರು ವ್ಯಾಟಿನಲ್ಲಿ, ಕೆಳಗಿನ ಮನೆಯ ಅಂಗಳಕ್ಕೂ ಆಚೆಯ ರಸ್ತೆಗೂ ಕೇಳುವ ಹಾಗೆ, ಗುಳುಂ ಎಂದು ಬಂತು.

ಅದರ ಹಿಂದೆಯೇ ಬೊಳ ಬೊಳ ಬೊಳ ಎಂದು ಕಾಲರ್ ಮೈಕು ನೀರು ಕುಡಿಯುವ ಸದ್ದು. ಆಮೇಲೆ ಅದೂ ಸತ್ತಿತು. ಟೀಚರು ಬಿಟ್ಟುಹೋಗಿದ್ದ ಮೊಬೈಲಿನ ಚಿತ್ರ ಅದಕ್ಕಿಂತ ಮೊದಲೇ ಹೋಗಿತ್ತು. ನಾನು ಓಡಿ ಬಂದು ವಯರು ಎಳೆದೆ. ವಯರು ಹಗುರಕ್ಕೆ ಬಂತು, ತುದಿಯಲ್ಲಿ ನನ್ನ ಗಂಟು ಗಟ್ಟಿಯಾಗಿಯೇ ಇತ್ತು, ಗಂಟಿನಲ್ಲಿ ಬಂಪರೂ ಇತ್ತು, ಬಂಪರಿನ ಜೊತೆಗೆ ಗಾಡಿ ಮಾತ್ರ ಇರಲಿಲ್ಲ.

ಬಾಂಗ್ ಮುಗಿಯಿತು. ಕೆಳಗಿನ ಅಂಗಳದಿಂದ ಆಸ್ಯಮ್ಮನ ಸ್ವರ, ಮೈಕಿಲ್ಲದೆ, ಸಾವಧಾನವಾಗಿ ಮೇಲೆ ಬಂತು: “ದಯಾನಂದಾ, ಅದು ನೀರು. ಆ ಸ್ವರ ನನಗೆ ಗೊತ್ತುಂಟು.” ಶೇಷಪ್ಪಣ್ಣ ಅಣ್ಣನ ಕಡೆ ತಿರುಗಿ, “ಉಂಟು ಮಾರಾಯ, ಒಳ್ಳೆ ಉಂಟು. ಬೆಳಿಗ್ಗೆ ಹಾರೆ ತರ್ತೇನೆ” ಎಂದರು. ಅಣ್ಣ ಫೋನು ತೆಗೆದು ಬೋರ್‌ವೆಲ್ಲಿನವರಿಗೆ ಹಚ್ಚಿದ. ಬೇಡ ಎಂದು ಹೇಳಲು ಅವನ ನಾಲಿಗೆ ಹೊರಳುವುದಿಲ್ಲ, ಹುಟ್ಟಿನಿಂದಲೂ ಹಾಗೆ. “ನಾಳೆ ಆಗುವುದಿಲ್ಲ, ಬರುವ ವಾರ ನೋಡುವ” ಎಂದ. ಬಾಯಿಯ ಸುತ್ತ ಅನ್ನದ ಅಗುಳು ಇಟ್ಟುಕೊಂಡು ಓಡಿ ಬಂದ ಟೀಚರಿಗೆ ನಾನು ಬಂಪರನ್ನು ಕೊಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಕೈಬಿಟ್ಟಿರಿ ಅಲ್ಲವಾ?” ಎಂದು ಮಾತ್ರ ಕೇಳಿದರು. ವಿಷಯ ತಿಳಿದ ಮೇಲೆ ಅವರೇ ಮೊದಲು ನಕ್ಕರು.

ಶೇಷಪ್ಪಣ್ಣ ಸೋಮವಾರ ಒಳಗೆ ಹೋಗಿ ದಿಬ್ಬದ ಒಂದು ಅಂಚನ್ನು ಅಂಗೈ ಅಗಲಕ್ಕೆ ಬಿಡಿಸಿದರು. ಮೊದಲು ಕೆಂಪು ನೀರು ಬಂತು, ಮತ್ತೆ ಚಾದ ಬಣ್ಣದ್ದು, ಮರುದಿನ ಸಂಜೆಗೆ ತಿಳಿಯಾಯಿತು. ಕಟ್ಟಿ ನಿಂತ ನೀರು ಇಳಿದ ಮೇಲೆ ಮಣ್ಣು ತೆಗೆದು, ಬುಟ್ಟಿಯ ಮೇಲೆ ಗಾಡಿಯನ್ನು ಇಟ್ಟುಕೊಂಡು ಹೊರಗೆ ಬಂದರು. ಮೊಬೈಲು ನೀರಿಗೆ ಬಿದ್ದರೆ ಅಕ್ಕಿಯಲ್ಲಿ ಇಡುವುದಲ್ಲವಾ, ಇದನ್ನೂ ಇಡಿ, ಪಾಪ ಎಂದು ಹೇಳಿ ಕಳಿಸಿದವರು ಆಸ್ಯಮ್ಮ. ಹೀಗೆ ಗಾಡಿಯಿಂದ ಕಳಚಿಕೊಂಡು ತಾವು ಈಗಿನ ವಿಳಾಸಕ್ಕೆ ಬಂದಿರಿ.

ನಾನು ನ್ಯಾಯವಂತ, ಹೊಗಳಬೇಕಾದ್ದನ್ನು ಹೊಗಳುತ್ತೇನೆ. ಟೀಚರು ಹೇಳಿದಂಥ, ಕಚ್ಚಿ ಹಿಡಿಯುವ, ಸಭ್ಯ ಕಂಟ್ರೋಲರು ಇದ್ದಿದ್ದರೆ ಗಾಡಿ ದಿಬ್ಬದ ತುದಿಯಲ್ಲೇ ನಿಂತಿರುತ್ತಿತ್ತು, ಅವರು ಉಂಡು ಬಂದು ಮೂತಿ ತಗ್ಗಿಸಿ ನೀರಿನ ಚಿತ್ರ ತೋರಿಸುತ್ತಿದ್ದರು, ಅಣ್ಣ ಅದು ನೀರಲ್ಲ, ಲೈಟಿನ ಹೊಳಪು ಎನ್ನುತ್ತಿದ್ದ, ಆಸ್ಯಮ್ಮನಿಗೆ ಏನೂ ಗೊತ್ತಾಗುತ್ತಿರಲಿಲ್ಲ, ಸೋಮವಾರ ಲಾರಿ ಬರುತ್ತಿತ್ತು. ತಮ್ಮ ಹಾಗೆ ಕರ್ತವ್ಯದಿಂದ ಜಾರಿ, ಜಾರಿದಲ್ಲಿಂದ ಬಿದ್ದು, ಬಿದ್ದ ಮಾತನ್ನು ಊರಿಗೆಲ್ಲ ಸಾರಿ, ಇಬ್ಬರ ಮನೆಯ ನೀರನ್ನು ಉಳಿಸಿದ ನೌಕರ ಬೇರೆ ಯಾವ ಇಲಾಖೆಯಲ್ಲಿಯೂ ಇರಲಿಕ್ಕಿಲ್ಲ. ಇಲ್ಲಿ ಒಂದು ಭಿನ್ನಾಭಿಪ್ರಾಯವನ್ನೂ ದಾಖಲಿಸಬೇಕು. ನಾನು ಹೀಗೆ ತಮ್ಮನ್ನು ಹೊಗಳುತ್ತಿದ್ದಾಗ ಆಸ್ಯಮ್ಮ, “ಬಿದ್ದದ್ದು ಅದರ ಬುದ್ಧಿಯಲ್ಲ. ಬಿದ್ದಲ್ಲಿ ನೀರಿತ್ತಲ್ಲ, ಅದು ಗುಡ್ಡೆಯ ಬುದ್ಧಿ” ಎಂದರು. ತಾವು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಕೊನೆಯಲ್ಲಿ ಕೆಲವು ವಿನಂತಿಗಳು. ಎರಡು ಚಾಪೆ ಹಪ್ಪಳವನ್ನು ಮುಂದಿನ ಹಲಸಿನ ಕಾಲದ ಒಳಗೆ, ಚಕ್ರದ ಗೆರೆ ಇಲ್ಲದ ಸ್ಥಿತಿಯಲ್ಲಿ, ನಮ್ಮ ಮನೆಯಾಕೆಗೆ ತಲುಪಿಸಬೇಕು. ತಾವು ಎಚ್ಚರಾಗುವಾಗ ಕೂಗುವ ಮೂರು ಕೂಗನ್ನು ತುಳುವಿನಲ್ಲಿ ಕಲಿಯಬೇಕು, ಆಸ್ಯಮ್ಮನಿಗೆ ಅರ್ಥವಾಗಲಿ. ಅಣ್ಣನ ಫೋನಿನಲ್ಲಿ ಇರುವ “ಬರುವ ವಾರ” ಎಂಬುದು ಎಂದಿಗೂ ಬಾರದಂತೆ ವಾರಗಳ ವೇಗವನ್ನು ತಾವು ನಿಯಂತ್ರಿಸಬೇಕು. ತಮ್ಮ ಹೆಸರೇ ವೇಗ ನಿಯಂತ್ರಕ, ಒಂದಾದರೂ ವೇಗವನ್ನು ನಿಯಂತ್ರಿಸಿದ ಪುಣ್ಯ ಬರಲಿ. ಮತ್ತು ನಮ್ಮ ಗಂಜಿಗೆ ಮೊನ್ನೆಯಿಂದ ಬರುತ್ತಿರುವ ಗ್ರೀಸಿನ ಪರಿಮಳವನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಬೇಕು.

ಹೊರಗೆ ಕತ್ತಲಾಗುತ್ತಾ ಬಂತು. ಬಾಂಗ್ ಕೇಳುತ್ತಿದೆ, ದೀಪ ಇನ್ನೂ ಹೊತ್ತಿಲ್ಲ. ದಂಬೆ ತಿರುಗಿಸಲಿಕ್ಕುಂಟು, ಈ ಸಲ ಅದರಲ್ಲಿ ನೀರೂ ಉಂಟು, ಹಾಗಾಗಿ ಪತ್ರವನ್ನು ಇಲ್ಲಿಗೆ ಕೈಬಿಡುತ್ತೇನೆ. ಪತ್ರ ನಿಲ್ಲುತ್ತದೆ ಎಂಬ ನಂಬಿಕೆ ನನಗುಂಟು.

ತಮ್ಮ ವಿಶ್ವಾಸಿ,
ಆದರೆ ತಮ್ಮ ಮೇಲೆ ಭಾರ ಹಾಕದ,
ಪಾದೆಮನೆ ದಯಾನಂದ

ಮರೆತ ಮಾತು: ತಮ್ಮ ಜಾಗಕ್ಕೆ ಟೀಚರೇ ಆರಿಸಿದ ಹೊಸ ಜೋಡಿ ಬಂದಿದೆ, ಸಣ್ಣ ಸಂಖ್ಯೆಯ ಮೋಟಾರು, ಕಚ್ಚಿ ಹಿಡಿಯುವ ಕಂಟ್ರೋಲರು. ನಿನ್ನೆ ಸುರಂಗದ ಬಾಯಿಯ ಬಂಡೆಯ ಮೇಲೆ ಹತ್ತಿಸಿ, ಅರ್ಧದಲ್ಲಿ ರಿಮೋಟು ಕೆಳಗಿಟ್ಟು, ನಾವೆಲ್ಲ ಚಾ ಕುಡಿದು ಬಂದೆವು. ಅದು ಬಿಟ್ಟಲ್ಲೇ ನಿಂತಿತ್ತು. ಅಣ್ಣ ಮಾತ್ರ ಅದರ ನಡಿಗೆಯನ್ನು ಬಹಳ ಹೊತ್ತು ನೋಡಿ, “ಇದು ಯಾವಾಗ ಮುಟ್ಟುವುದು ಮಾರಾಯ, ಒಂದು ನಂಬರು ಜಾಸ್ತಿಯದ್ದು ಇರಲಿಲ್ಲವಾ?” ಎಂದು ಕೇಳಿದ. ಅಕ್ಕಿಯಿಂದ ಎದ್ದ ಮೇಲೆ ತಮಗೆ ಬೇರೆ ಉದ್ಯೋಗ ಬೇಕಾದಲ್ಲಿ ಅವನನ್ನು ಕಾಣಬಹುದು. ವಿಳಾಸ ಇದೇ.